ಯಾರು ಬಿಡಿಸಿದರು?

‘ಸಂಸಾರಕ್ಕೆ ಬಿದ್ದ ಮೇಲೆ ಅದೆಲ್ಲ ಎಲ್ಲಿ ಬಂತು ಬಿಡಿ.’ ಫೋಟೋಗ್ರಫಿಯ ಪ್ರಸ್ತಾಪ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ನಾನು ಹೇಳುತ್ತಿದ್ದ ಮಾತಿದು. ಕೇಳಿದವರು ತಲೆದೂಗುತ್ತಿದ್ದರು. ನಮ್ಮಲ್ಲಿ ಒಬ್ಬರು ವೀಣೆ ಬಿಟ್ಟಿದ್ದರು, ಇನ್ನೊಬ್ಬರು ಬ್ಯಾಡ್ಮಿಂಟನ್. ಅತ್ತೆಮನೆಯ ಮೇಲೆ ಹಾಕಿಬಿಟ್ಟರೆ ಮುಗಿಯಿತು.

ಕಾಲೇಜಿನ ದಿನಗಳಲ್ಲಿ ನನ್ನ ಕೈಯಲ್ಲಿದ್ದುದು ಅಪ್ಪನ ಆಗ್ಫಾ ಕ್ಲಿಕ್ ಥ್ರೀ. ಒಂದು ರೋಲಿಗೆ 12 ಚಿತ್ರ. ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ತಿರುಗಿಸಬೇಕು. ಮರೆತರೆ ಒಂದರ ಮೇಲೊಂದು ಚಿತ್ರ ಕೂತು, ಅಜ್ಜಿಯ ಹೆಗಲ ಮೇಲೆ ಎಮ್ಮೆ ನಿಂತಿರುತ್ತಿತ್ತು! ಯಾರನ್ನು ತೆಗೆಯುವುದು, ಯಾರನ್ನು ಬಿಡುವುದು ಎಂದು ದಿನಗಟ್ಟಲೆ ಯೋಚಿಸುತ್ತಿದ್ದೆ. 1993ರಲ್ಲಿ ಮದುವೆಯಾಯಿತು. ಕ್ಯಾಮೆರಾ ಟ್ರಂಕಿನ ತಳ ಸೇರಿತು.

ಕಳೆದ ವರ್ಷ ಮಗ ಹೊಸ ಕ್ಯಾಮೆರಾ ತಂದುಕೊಟ್ಟ. ಇದರಲ್ಲಿ ರೋಲಿನ ಲೆಕ್ಕವಿಲ್ಲ. ಮೊದಲ ಬಾರಿಗೆ ಕಣ್ಣಿಗೆ ಹಿಡಿದಾಗ ಎದುರಿಗೆ ಕಂಡದ್ದು ಗೋಡೆಯ ಮೇಲಿನ ಅತ್ತೆಯವರ ಫೋಟೋ. ನಮ್ಮ ಮದುವೆಯ ಗುಂಪಿನ ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಮುಖ ಕಲಸಿದಂತಿದೆ, ಕಿವಿಯ ಬಳಿ ಯಾರದೋ ಭುಜ. 2004ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ಬೇರೆ ಚಿತ್ರವೇ ಇರಲಿಲ್ಲ.

ಮದುವೆಯಾದ ಹೊಸತರಲ್ಲಿ ಅವರೇ ಕೇಳಿದ್ದರು: ‘ನಿಂಗೆ ಪಟ ತೆಗೆಯೋಕೆ ಬರುತ್ತಂತಲ್ಲ, ನಂದೂ ಒಂದು ತೆಗೆಯಮ್ಮ.’

‘ರೋಲಿಲ್ಲ ಅತ್ತೆ’ ಎಂದೆ. ಇರಲಿಲ್ಲ, ನಿಜ. ತರಬಹುದಿತ್ತು, ಆಗಲೇ ಕೆಲಸದಲ್ಲಿದ್ದೆ, ಸಂಬಳ ನನ್ನ ಕೈಯಲ್ಲೇ ಇತ್ತು. ಅವರು ಎರಡನೆಯ ಸಲ ಕೇಳಲಿಲ್ಲ.

ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸ ಛಾಯಾಗ್ರಾಹಕರ ನಡವಳಿಕೆ ಹಿಡಿಸದೆ ಬಿಟ್ಟೆ ಎಂದು ನೇರವಾಗಿ ಹೇಳಿದರು. 2012ರಲ್ಲಿ ತೀರಿಕೊಳ್ಳುವವರೆಗೂ ಆ ವೃತ್ತಿಗೆ ಮರಳಲಿಲ್ಲ. ಅವರಿಗೆ ಕಾರಣ ಗೊತ್ತಿತ್ತು. ನನ್ನದು ಸೋಮಾರಿತನವೋ, ಹೊಸ ಮನೆಯ ಸಂಕೋಚವೋ, ಇಂದಿಗೂ ಬಗೆಹರಿದಿಲ್ಲ. ಮನೆಯವರೇ ತಡೆದ ಹೆಂಗಸರು ಬೇಕಾದಷ್ಟಿದ್ದಾರೆ, ಅವರ ಸಂಕಟ ಸುಳ್ಳಲ್ಲ. ಆದರೆ ಅವರ ಸಾಲಿನಲ್ಲಿ ನಾನೂ ಹೋಗಿ ನಿಂತಿದ್ದೆನಲ್ಲ, ಅದೂ ಅತ್ತೆಯವರನ್ನು ಮುಂದೆ ಮಾಡಿಕೊಂಡು, ಅದು ಚುಚ್ಚುತ್ತದೆ.

ಈಗ ಭಾನುವಾರಗಳಲ್ಲಿ ಕ್ಯಾಮೆರಾ ಹಿಡಿದು ಬೀದಿಗೆ ಇಳಿಯುತ್ತೇನೆ. ಮೊನ್ನೆ ಹೂ ಕಟ್ಟುವ ಅಜ್ಜಿಯನ್ನು ‘ಒಂದು ಪಟ ತೆಗೆಯಲಾ?’ ಎಂದು ಕೇಳಿದೆ. ‘ತಡೀರಿ ಟೀಚರಮ್ಮ, ತಲೆ ಬಾಚ್ಕೊಂಡು ಬರ್ತೀನಿ’ ಎಂದು ಒಳಗೆ ಹೋದರು. ಹೂಬುಟ್ಟಿಯ ಪಕ್ಕ, ಮೆಟ್ಟಿಲ ಮೇಲೆ ಕಾದು ಕುಳಿತೆ.