ಶಸ್ತ್ರಮಾರ್ಗವೂ ರೋಗಿಯ ಸಮ್ಮತಿಯೂ

ಮಹಾಗಾಂವದ ವೃದ್ಧ ಗೃಹಸ್ಥರೊಬ್ಬರಿಗೆ ಪ್ರಾಸ್ಟೇಟ್ ಎಂಬ ಪೌರುಷಗ್ರಂಥಿಯಲ್ಲಿ ಅರ್ಬುದವು ತಲೆದೋರಿತೆಂದು ಭಾವಿಸೋಣ. ಹೊಲವನ್ನು ಒತ್ತೆಯಿಟ್ಟಾದರೂ ಯಂತ್ರದಿಂದಲೇ ಶಸ್ತ್ರಕ್ರಿಯೆ ಮಾಡಿಸುವೆವೆಂದು ಮಕ್ಕಳು ನಿಶ್ಚಯಿಸುವರು. ತಂದೆಯನ್ನು ಮಾತ್ರ ಯಾರೂ ಕೇಳರು. ಇದು ಧರ್ಮವೇ?

ಈ ಗ್ರಂಥಿಯನ್ನು ತೆಗೆಯುವ ಮಾರ್ಗಗಳು ಮುಖ್ಯವಾಗಿ ಮೂರು. 1904ರಲ್ಲಿ ಅಮೆರಿಕದ ಹ್ಯೂ ಯಂಗನು ವೃಷಣಕ್ಕೂ ಗುದಕ್ಕೂ ನಡುವಣ ಎಡೆಯಲ್ಲಿ ಕೊಯ್ದು ತೆಗೆದನು. ಬಳಿಕ ಕೆಳಹೊಟ್ಟೆಯನ್ನು ತೆರೆಯುವ ಕ್ರಮವು ಬಂದಿತು. ಅದರಲ್ಲಿ ಪುಂಸ್ತ್ವದ ನರಗಳನ್ನು ಉಳಿಸುವ ಬಗೆಯನ್ನು 1982ರಲ್ಲಿ ಪ್ಯಾಟ್ರಿಕ್ ವಾಲ್ಶನು ತೋರಿದನು. ಈಗಿನ ಯಂತ್ರಹಸ್ತವು ಕಿರುರಂಧ್ರಗಳ ಮೂಲಕ ಅದೇ ಕಾರ್ಯವನ್ನೆಸಗುವುದು. ಇದರಲ್ಲಿ ರಕ್ತಸ್ರಾವವು ಕಡಿಮೆ. ಆದರೂ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 326 ಮಂದಿಯನ್ನು ಎರಡು ಪಂಗಡ ಮಾಡಿ ನಡೆಸಿದ ಪರೀಕ್ಷೆಯ 2018ರ ಫಲದಂತೆ, ಎರಡು ವರ್ಷಗಳ ತರುವಾಯ ಮೂತ್ರನಿಗ್ರಹದಲ್ಲಾಗಲಿ ಪುಂಸ್ತ್ವದಲ್ಲಾಗಲಿ ತೆರೆದ ಶಸ್ತ್ರಕ್ಕೂ ಯಂತ್ರಕ್ಕೂ ಗಣನೀಯ ಭೇದವು ಕಾಣಲಿಲ್ಲ. ಮಂದಗತಿಯ ಅರ್ಬುದವನ್ನು ಕೊಯ್ಯದೆ, ಆಗಾಗ ಪರೀಕ್ಷಿಸುತ್ತ ಕಾದಿರುವುದೂ ಒಂದು ಮಾರ್ಗವೇ.

ಅಶ್ಮರಿಯನ್ನು ತೆಗೆಯುವಾಗ ಮೂತ್ರವಹ, ಶುಕ್ರವಹ ಮೊದಲಾದ ಎಂಟು ಸ್ಥಾನಗಳನ್ನು ಕಾಯಬೇಕೆಂದೂ, ಮೊದಲು ಅರಸನ ಅಪ್ಪಣೆಯನ್ನು ಪಡೆಯಬೇಕೆಂದೂ ಸುಶ್ರುತನು ವಿಧಿಸಿದನು. ಅರಸರ ಕಾಲವು ಕಳೆಯಿತು; ಇಂದು ತನ್ನ ದೇಹಕ್ಕೆ ರೋಗಿಯೇ ಅರಸನು. ಉಳಿಯುವುದೇನು, ಕಳೆಯಬಹುದಾದುದೇನು ಎಂಬುದನ್ನು ತಿಳಿಯದೆ ಅವನು ಅಪ್ಪಣೆಯೀಯುವುದೆಂತು? ಲಜ್ಜೆಯ ನೆಪದಿಂದ ತಂದೆಗೆ ಸತ್ಯವನ್ನು ಮರೆಮಾಚುವುದು ಪಿತೃಭಕ್ತಿಯಲ್ಲ. ಯಂತ್ರವನ್ನು ಅರಸುವುದಕ್ಕೆ ಮೊದಲು ಪಳಗಿದ ಕೈಯುಳ್ಳ ವೈದ್ಯನನ್ನು ಅರಸಬೇಕು. ಅದಕ್ಕೂ ಮೊದಲು ತಂದೆಯ ಬಳಿಯಲ್ಲಿ ಕುಳಿತು, ಎಲ್ಲವನ್ನೂ ತಿಳಿಸಿ, ಅವರ ಇಷ್ಟವನ್ನು ಕೇಳಬೇಕು.