ಪ್ರಶ್ನೋತ್ತರ ಪಾಠವು ಯಾತಕ್ಕೆ?

ಓದತಕ್ಕ ಭಾಗಗಳು: ಲೂಕ 1:1-4, ವಿಮೋಚನಕಾಂಡ 12:24-27



ಲೂಕನು ತನ್ನ ಸುವಾರ್ತೆಯನ್ನು ಥೆಯೊಫಿಲನಿಗೆ ಬರೆದು ಕಳುಹಿಸಿದನು. ಈ ಥೆಯೊಫಿಲನು ಮೊದಲೇ ಉಪದೇಶ ಹೊಂದಿದವನು. ಆದರೂ ತಾನು ಕಲಿತ ಮಾತುಗಳು ಸ್ಥಿರವಾದವುಗಳೆಂದು ಅವನು ತಿಳಿಯಬೇಕೆಂಬದೇ ಲೂಕನ ಉದ್ದೇಶವಾಗಿತ್ತು. ಇಲ್ಲಿ ಉಪದೇಶ ಹೊಂದುವದಕ್ಕೆ ಗ್ರೀಕ್ ಭಾಷೆಯಲ್ಲಿರುವ ಶಬ್ದದ ಮೂಲಾರ್ಥವು ಕಿವಿಯಲ್ಲಿ ಧ್ವನಿಸುವಂತೆ ಮಾಡುವದು ಎಂಬದಾಗಿದೆ. ಗುರುವು ನುಡಿದದ್ದನ್ನು ಶಿಷ್ಯನು ಮರುನುಡಿಯುವನು; ಉಪದೇಶವು ಹಾಗೆಯೇ ಆರಂಭವಾಗುತ್ತದೆ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಡೆದಾಡುವ ನಮಗೆ ಇದು ತಿಳಿಯಲು ಕಷ್ಟವಲ್ಲ. ರೈಲಿನಿಂದ ಇಳಿದು ಬರುವವನ ಕಣ್ಣಿಗೆ ಗೋಲಗುಮ್ಮಟವು ಬೀಳದೆ ಇರದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಗೋರಿಯ ಮೇಲೆ ನಿಂತಿರುವ ಆ ಗುಮ್ಮಟದ ಒಳಸುತ್ತಿನಲ್ಲಿ ಒಂದು ಮಾತನ್ನಾಡಿದರೆ ಅದು ಏಳು ಸಾರಿ ತಿರುಗಿ ಕೇಳುತ್ತದೆಂದು ಜನರು ಹೇಳುವದುಂಟು. ಟಿಕೋಟಾದಿಂದಲೂ ಬಬಲೇಶ್ವರದಿಂದಲೂ ತಂದೆತಾಯಿಗಳ ಸಂಗಡ ಪೇಟೆಗೆ ಬಂದ ಮಕ್ಕಳು ಅಲ್ಲಿ ತಮ್ಮ ಹೆಸರನ್ನೇ ಕೂಗಿ ನಗುತ್ತಾರೆ. ಎಂಟನೆಯ ಸಾರಿ ಏನೂ ಇಲ್ಲ. ಗೋಡೆಯು ಮಾತನ್ನು ಹಿಂದಕ್ಕೆ ಕೊಟ್ಟಿತೇ ಹೊರತು ಒಂದಕ್ಷರವನ್ನಾದರೂ ಇಟ್ಟುಕೊಳ್ಳಲಿಲ್ಲ.

ನಮ್ಮ ಸಭೆಗಳ ಮಕ್ಕಳ ವಿಷಯದಲ್ಲಿ ನಮಗಿರುವ ಭಯವು ಇದೇ. ದೃಢೀಕರಣದ ಆದಿತ್ಯವಾರ ಹುಡುಗನು ಹತ್ತು ಆಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಕರ್ತನ ಪ್ರಾರ್ಥನೆಯನ್ನೂ ತಪ್ಪದೆ ಒಪ್ಪಿಸುವನು. ತಾಯಿಯು ಸೆರಗಿನಿಂದ ಕಣ್ಣೊರಸಿಕೊಳ್ಳುವಳು. ಹಿರಿಯರು ಭೇಷ್ ಅನ್ನುವರು. ಮರುವರುಷ ಅವನನ್ನು ಹೊಲದ ಬದುವಿನ ಮೇಲೆ ಕಂಡು, ನಿನ್ನ ಅಜ್ಜನು ಯಾತಕ್ಕಾಗಿ ಕ್ರಿಸ್ತನನ್ನು ನಂಬಿದನಪ್ಪಾ ಎಂದು ಕೇಳಿದರೆ ಅವನು ನೆಲ ನೋಡುತ್ತಾನೆ.

ಇದನ್ನು ಕಂಡು ಕೆಲವರು, ಹಾಗಾದರೆ ಬಾಯಿಪಾಠವೇ ಬೇಡ, ನಾಲ್ಕು ಹಾಡು ಕಲಿಸಿದರೆ ಸಾಕು ಅನ್ನುತ್ತಾರೆ. ನಾವು ಇದಕ್ಕೆ ಒಪ್ಪುವದಿಲ್ಲ. 1528ರಲ್ಲಿ ಮಾರ್ಟಿನ್ ಲೂಥರನು ಸಕ್ಸೋನಿ ಸೀಮೆಯ ಸಭೆಗಳನ್ನು ಸಂದರ್ಶಿಸಿದಾಗ ಹಳ್ಳಿಯ ಜನರು ಕ್ರೈಸ್ತ ಬೋಧನೆಯನ್ನೇ ಅರಿಯದವರಾಗಿರುವದನ್ನು ಕಂಡನು. ಬೋಧಕರಲ್ಲಿಯೂ ಅನೇಕರು ಕಲಿಸಲಾರದವರಾಗಿದ್ದರು. ಆ ದುಃಖದಿಂದ 1529ರಲ್ಲಿ ಅವನು ಚಿಕ್ಕ ಪ್ರಶ್ನೋತ್ತರವನ್ನು ಬರೆದನು. ಅದರ ಮುನ್ನುಡಿಯಲ್ಲಿ ಬೋಧಕರಿಗೆ ಹೇಳಿದ ಕ್ರಮವು ಗಮನಿಸತಕ್ಕದ್ದು. ಮೊದಲು ಒಂದೇ ಪಾಠವನ್ನು ಹಿಡಿದು, ವರುಷ ವರುಷಕ್ಕೆ ಮಾತು ಬದಲಿಸದೆ, ಅಕ್ಷರಕ್ಕೆ ಅಕ್ಷರ ಕಲಿಸಬೇಕು. ಅದು ಬಾಯಿಗೆ ಬಂದ ಮೇಲೆ ಅರ್ಥವನ್ನು ಕಲಿಸಬೇಕು. ಆದಕಾರಣವೇ ಆ ಪುಸ್ತಕದಲ್ಲಿ ಪ್ರತಿ ಆಜ್ಞೆಯಾದ ಕೂಡಲೆ ಅದರ ಅರ್ಥವನ್ನು ಕೇಳುವ ಪ್ರಶ್ನೆಯೊಂದು ಬರುತ್ತದೆ. ಅಷ್ಟು ದೊಡ್ಡ ಪಂಡಿತನಾದ ತಾನೂ ದಿನಾಲು ಬೆಳಿಗ್ಗೆ ಮಗುವಿನಂತೆ ಇವುಗಳನ್ನೇ ಹೇಳಿಕೊಳ್ಳುವೆನೆಂದು ಅವನು ಇನ್ನೊಂದು ಕಡೆಯಲ್ಲಿ ಬರೆದಿದ್ದಾನೆ.

ಡೋಣಿ ಸೀಮೆಯ ಒಕ್ಕಲಿಗರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ರಾಶಿಯಾದ ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರುಷ ಅದೇ ಪ್ರಾಣ ಉಳಿಸುತ್ತಿತ್ತು. 1876-78ರ ಘೋರ ಬರವು ಈ ಸೀಮೆಯನ್ನು ಹಿಂಡಿದಾಗ ಹಗೇವು ಬರಿದಾಗಿದ್ದ ಮನೆಗೆ ಏನು ಗತಿ ಇತ್ತು? ಆದರೂ ಹಗೇವಿನ ಜೋಳವನ್ನು ಯಾರೂ ಹಾಗೆಯೇ ಉಣ್ಣಲಿಲ್ಲ. ಅದನ್ನು ಮೇಲಕ್ಕೆ ತೆಗೆದು, ಕೇರಿ, ಬೀಸಿ, ರೊಟ್ಟಿ ಬಡಿಯಬೇಕು. ಬಾಯಿಪಾಠವು ಹಗೇವಿನ ಜೋಳದಂತಿದೆ; ಅರ್ಥ ತಿಳಿಸುವದು ಬೀಸುವ ಕಲ್ಲಿನ ಕೆಲಸ. ಬಹುಕಾಲ ತೆರೆಯದ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುವದನ್ನೂ ನೀವು ಬಲ್ಲಿರಿ. ತುಂಬಿಸುವದು ಉಪದೇಶಿಯ ಕೈಯಿಂದಾದೀತು. ರೊಟ್ಟಿಯು ಮನೆಯ ಒಲೆಯ ಮೇಲೆಯೇ ಬೇಯಬೇಕು.

ಇಲ್ಲಿ ನಾವು ಸ್ವಲ್ಪ ಖಂಡಿತವಾಗಿ ಮಾತನಾಡಬೇಕಾಗಿದೆ. ಮಕ್ಕಳಿಗೆ ಕಲಿಸುವದಕ್ಕೆ ಉಪದೇಶಿ ಇದ್ದಾನಲ್ಲಾ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳವಾಗಿದೆ. ಲೂಥರನು ತನ್ನ ಚಿಕ್ಕ ಪುಸ್ತಕದಲ್ಲಿ, ಮನೆಯ ಯಜಮಾನನು ತನ್ನ ಮನೆಯವರಿಗೆ ಸರಳವಾಗಿ ಕಲಿಸತಕ್ಕ ಪಾಠವಿದು ಎಂಬ ತಲೆಬರಹವನ್ನು ಭಾಗ ಭಾಗಕ್ಕೂ ಇಟ್ಟನು. ಮೋಶೆಯೂ ಪಸ್ಕದ ವಿಷಯದಲ್ಲಿ, ಈ ಆಚರಣೆಯ ಅರ್ಥವನ್ನು ಮಕ್ಕಳು ಕೇಳುವರೆಂದೂ ತಂದೆಯಾದವನು ಕರ್ತನ ಬಿಡುಗಡೆಯ ವೃತ್ತಾಂತವನ್ನು ಹೇಳಬೇಕೆಂದೂ ಆಜ್ಞಾಪಿಸಿದನು. ಮಗನು ಯಾಜಕನ ಬಳಿಗೆ ಹೋಗಲಿ ಎಂದು ಅಲ್ಲಿ ಹೇಳಿಲ್ಲ. ತಿಮೊಥೆಯನ ನಂಬಿಕೆಯು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ವಾಸವಾಗಿತ್ತೆಂದು ಪೌಲನು ನೆನಸುತ್ತಾನೆ.

ಓದು ಬಾರದ ತಾಯಂದಿರು, ನಾವು ಏನು ಹೇಳಿಯೇವು ಅನ್ನುವರು. ಅವ್ವಂದಿರೇ, ಇಷ್ಟು ಹೇಳಿರಿ. ಆಜ್ಞೆಗಳು ನಮ್ಮ ರೋಗವನ್ನು ತೋರಿಸುತ್ತವೆ. ವಿಶ್ವಾಸಪ್ರಮಾಣವು ಔಷಧವು ಎಲ್ಲಿದೆಯೆಂದು ತಿಳಿಸುತ್ತದೆ. ಕರ್ತನ ಪ್ರಾರ್ಥನೆಯು ಅದನ್ನು ಬೇಡಿ ಪಡೆಯಲು ಕಲಿಸುತ್ತದೆ. ಈ ದೃಷ್ಟಾಂತವೂ ಲೂಥರನದೇ. ಮಗುವಿನ ಜ್ವರಕ್ಕೆ ರಾತ್ರಿಯೆಲ್ಲಾ ಎಚ್ಚತ್ತಿದ್ದ ತಾಯಿಗೆ ಇದನ್ನು ತಿಳಿಯಲು ಅಕ್ಷರ ಬೇಕಿಲ್ಲ.

ಈ ಮಾತಿಗೆ ಈಗ ಅವಸರ ಉಂಟು. ನಮ್ಮ ಸೀಮೆಯ ಅನೇಕ ಮನೆಗಳವರು ಹೊಟ್ಟೆಪಾಡಿಗಾಗಿ ಮಹಾರಾಷ್ಟ್ರಕ್ಕೂ ಗೋವೆಗೂ ದುಡಿಯಲು ಹೋಗುತ್ತಾರೆ. ಹಾಸಿಗೆಯ ಸುರುಳಿ, ಹಿಟ್ಟಿನ ಚೀಲ, ಕಂಕುಳಲ್ಲಿ ಕೂಸು. ಸ್ಟೇಷನ್ ರಸ್ತೆಯಲ್ಲಿ ಇವರನ್ನು ಕಾಣುವದು ನಮಗೆ ರೂಢಿಯಾಗಿದೆ. ಕಬ್ಬಿನ ಗದ್ದೆಯ ಬದಿಯ ಗುಡಿಸಲಲ್ಲಿ ಉಪದೇಶಿಯೂ ಇಲ್ಲ, ಕನ್ನಡ ಆರಾಧನೆಯೂ ಇಲ್ಲ. ಮೊಬೈಲಿನಲ್ಲಿ ಪ್ರಸಂಗಗಳು ಕೇಳುತ್ತವೆ, ನಿಜ. ಆದರೆ ಮಗುವು ಎದುರು ಪ್ರಶ್ನೆ ಹಾಕಿದರೆ ಪ್ರಸಂಗವು ನಿಲ್ಲದೆ ಮುಂದಕ್ಕೆ ಹೋಗುತ್ತದೆ.

ಗೋವೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 1510ರಲ್ಲಿ ಬಿಜಾಪುರದ ಆದಿಲಶಾಹಿಯ ಕೈಯಿಂದ ಪೋರ್ಚುಗೀಸರಿಗೆ ಹೋದ ಆ ನಾಡಿಗೆ, ಇಂಗ್ಲೆಂಡಿನವನಾದ ಥಾಮಸ್ ಸ್ಟೀಫನ್ಸನೆಂಬ ಕಥೋಲಿಕ ಪಾದ್ರಿಯು 1579ರಲ್ಲಿ ಬಂದನು. ಅವನು ಕೊಂಕಣಿಯಲ್ಲಿ ಸಿದ್ಧಪಡಿಸಿದ ಪ್ರಶ್ನೋತ್ತರವು ಅವನು ತೀರಿಕೊಂಡ ಮೇಲೆ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದೇ ಶತಮಾನದಲ್ಲಿ ಇಟಲಿಯ ಚಿನ್ನಮಿ ಎಂಬವನು ಮೈಸೂರು ಸೀಮೆಯಲ್ಲಿ ಕನ್ನಡದಲ್ಲಿಯೇ ಅಂಥದೊಂದನ್ನು ಬರೆದನು. ರೋಮನ್ ಕಥೋಲಿಕರ ಬೋಧನೆಯಲ್ಲಿ ನಾವು ಒಪ್ಪಲಾರದ ಮಾತುಗಳಿವೆ, ಅದನ್ನು ಮುಚ್ಚಿಡುವದಿಲ್ಲ. ಆದರೂ ತಾಯಿಭಾಷೆಯಲ್ಲಿ, ಚಿಕ್ಕವರಿಂದ ಹಿಡಿದು, ಬಿಡದೆ ಕಲಿಸುವ ಅವರ ಶ್ರದ್ಧೆಯನ್ನು ನೋಡಿ ನಾವು ಕಲಿಯತಕ್ಕದ್ದುಂಟು. 1979ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ತಮ್ಮ ಸಭೆಗೆ ಉಪದೇಶದ ವಿಷಯವಾಗಿ ಒಂದು ಪತ್ರವನ್ನು ಬರೆದು, ಅದರ ಗುರಿಯು ಕ್ರಿಸ್ತನ ಸುದ್ದಿ ಮುಟ್ಟಿಸುವದಷ್ಟೇ ಅಲ್ಲ, ಆತನ ಅನ್ಯೋನ್ಯತೆಗೆ ಮನುಷ್ಯರನ್ನು ತರುವದಾಗಿದೆಯೆಂಬ ಅರ್ಥದಲ್ಲಿ ಹೇಳಿದರು. ಇದಕ್ಕೆ ನಾವು ಏನೆಂದು ಎದುರು ಹೇಳೋಣ?

ಹೇಳಿದ್ದನ್ನೇ ಹೇಳಿ ಬೇಸರವಾಗುತ್ತದೆ ಅನ್ನುವಿರೋ? ಕಾರ್ಥೇಜ್ ಪಟ್ಟಣದ ಒಬ್ಬ ಸಭಾಸೇವಕನೂ ಸುಮಾರು 400ನೇ ಇಸವಿಯಲ್ಲಿ ಆಗಸ್ಟೀನನಿಗೆ ಹೀಗೆಯೇ ದೂರಿಕೊಂಡನು. ಆಗಸ್ಟೀನನ ಉತ್ತರದ ಭಾವವು ಇದು: ನಾವು ನಿತ್ಯವೂ ಲಕ್ಷ್ಯವಿಲ್ಲದೆ ದಾಟಿ ಹೋಗುವ ಚೆಂದದ ಸ್ಥಳವನ್ನು ಹೊಸಬನಿಗೆ ತೋರಿಸುವಾಗ ಅವನ ಸಂತೋಷದಿಂದ ನಮಗೂ ಅದು ಹೊಸದಾಗುತ್ತದೆ. ಪೇಟೆಯ ಟಾಂಗಾದವನು ತಲೆಯೆತ್ತಿ ನೋಡದ ಗುಮ್ಮಟವನ್ನು ಊರಿಂದ ಬಂದ ಅಳಿಯನಿಗೆ ತೋರಿಸುವಾಗ ತಾನೂ ಬಾಯಿ ಬಿಟ್ಟು ನೋಡುತ್ತಾನಷ್ಟೆ.

ಹೀಗಿರಲಾಗಿ, ಈ ಸಾರಿ ಊರು ಬಿಡುವ ಮೊದಲು ಪ್ರಶ್ನೋತ್ತರದ ಪುಸ್ತಕವನ್ನು ಹಿಟ್ಟಿನ ಚೀಲದ ಸಂಗಡ ಕಟ್ಟಿಕೊಳ್ಳಿರಿ. ಓದಬಲ್ಲ ಮಗನೋ ಮಗಳೋ ರಾತ್ರಿ ಉಂಡ ಮೇಲೆ ಒಂದೇ ಪ್ರಶ್ನೆಯನ್ನು ಓದಲಿ. ಎಲ್ಲರೂ ಕೂಡಿ ಉತ್ತರ ಹೇಳಿರಿ. ಆಮೇಲೆ ತಂದೆಯಾದವನು, ಈ ದಿನದ ದುಡಿತದಲ್ಲಿ, ಜಗಳದಲ್ಲಿ, ಕೂಲಿಯ ಲೆಕ್ಕದಲ್ಲಿ ಈ ಮಾತು ನಮಗೆ ಏನು ಹೇಳಿತು ಎಂದು ಕೇಳಲಿ. ಯಾರಿಗೂ ತಿಳಿಯದಿದ್ದರೆ ಆ ಪ್ರಶ್ನೆಯ ಮುಂದೆ ಒಂದು ಗೆರೆ ಎಳೆದಿಡಿರಿ. ಊರಿಗೆ ತಿರುಗಿ ಬಂದ ಮೊದಲನೆಯ ಆದಿತ್ಯವಾರ ಆ ಗೆರೆಗಳನ್ನು ನೋಡುವದಕ್ಕೆ ನಾವು ಕಾದಿರುವೆವು.