ಮರಳಿನೊಳಗಣ ಬೀಜ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲಿ ಮೊಹಾವಿ, ಸೊನೋರಾ ಎಂಬ ಮರುಭೂಮಿಗಳುಂಟು. ಅಲ್ಲಿಯ ಮರಳಿನಲ್ಲಿ ಸೂರ್ಯಕಾಂತಿಯ ಕುಲಕ್ಕೆ ಸೇರಿದ, ಹಳದಿಯ ಹೂ ಬಿಡುವ ಗಿಡವೊಂದು ಬೆಳೆಯುವುದು. ಜನರು ಅದನ್ನು ‘ಮರುಭೂಮಿಯ ಹೊನ್ನು’ ಎನ್ನುವರು. ಶಾಸ್ತ್ರಜ್ಞರು ಇಟ್ಟ ‘ಗೆರಾಯಿಯ’ ಎಂಬ ಹೆಸರಿಗೆ ಮುದುಕನೆಂಬರ್ಥದ ಗ್ರೀಕ್ ಶಬ್ದವು ಮೂಲ. ಕಾಯಿಯ ಮೇಲಣ ಬಿಳಿಯ ನವಿರೇ ಅದಕ್ಕೆ ಕಾರಣ. ಕೆಲವೇ ತಿಂಗಳು ಬಾಳುವ ಗಿಡಕ್ಕೆ ಮುದುಕನ ಹೆಸರು! ಆದರೆ ಬೀಜದ ಆಯುಸ್ಸನ್ನು ನೆನೆದರೆ ಆ ಹೆಸರು ಅಷ್ಟೇನೂ ತಪ್ಪಲ್ಲ.

ಅಲ್ಲಿಯ ‘ಮೃತ್ಯುಕಣಿವೆ’ಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 2 ಅಂಗುಲ. 1998, 2005, 2016ನೆಯ ಇಸವಿಗಳಲ್ಲಿ ಆ ಕಣಿವೆಯು ಹೂವಿನಿಂದ ತುಂಬಿ ಹೊನ್ನಿನ ಹಾಸಾಯಿತು. ನಡುವಣ ಅನೇಕ ವರ್ಷಗಳಲ್ಲಿ ಬೀಜವು ಮರಳಿನಲ್ಲಿ ಸುಮ್ಮನೆ ಮಲಗಿತ್ತು. ಫ್ರಿಟ್ಸ್ ವೆಂಟ್ ಎಂಬ ವಿದ್ವಾಂಸನು 1940ರ ದಶಕದಲ್ಲಿ ಇಂತಹ ಮರುಭೂಮಿಯ ಮಣ್ಣನ್ನು ತಂದು ಪರೀಕ್ಷಿಸಿದಾಗ, ಕೆಳಗಿನಿಂದ ನೀರೂಡಿಸಿದರೂ ಮೊಳೆಯದ ಅನೇಕ ಬೀಜಗಳು, ಮೇಲಿನಿಂದ ಮಳೆಯಂತೆ ಸುರಿದಾಗ ಮೊಳೆತುವು. ಮೊಳಕೆಯನ್ನು ತಡೆಯುವ ದ್ರವ್ಯವು ತೊಳೆದುಹೋಗುವಷ್ಟು ಮಳೆ ಬೇಕು. ಇನ್ನೂ ವಿಚಿತ್ರವೆಂದರೆ, ಒಳ್ಳೆಯ ಮಳೆ ಬಂದರೂ ಎಲ್ಲ ಬೀಜಗಳೂ ಏಳುವುದಿಲ್ಲ. ವರ್ಷಗಳನ್ನು ನಂಬಲಾಗದ ನೆಲದಲ್ಲಿ ಕೆಲವನ್ನು ಉಳಿಸಿಕೊಂಡ ವಂಶವೇ ಬಾಳುವುದೆಂದು ಡ್ಯಾನ್ ಕೋಹೆನನು 1966ರಲ್ಲಿ ಗಣಿತದಿಂದ ತೋರಿಸಿದನು.

ಇದನ್ನು ವಿವೇಕವೆನ್ನೋಣವೆ? ಒಂದೇ ತಾಯಿಯ ಎರಡು ಬೀಜಗಳು, ಒಂದೇ ಮಳೆ. ಒಂದು ಎದ್ದಿತು, ಮತ್ತೊಂದು ಮಲಗಿತು. ಮುಂದೆ ಮಳೆ ತಪ್ಪಿದರೆ ಎದ್ದುದನ್ನು ದುಡುಕೆಂದೂ, ಮಳೆ ಹಿಡಿದರೆ ಮಲಗಿದುದನ್ನು ಸೋಮಾರಿಯೆಂದೂ ಲೋಕವು ಹಳಿಯುವುದು. ಎರಡಕ್ಕೂ ಮುಂದಿನದು ತಿಳಿದಿರಲಿಲ್ಲ. ಫಲವನ್ನು ನೋಡಿ ಕರ್ತನ ಬುದ್ಧಿಯನ್ನು ತೂಗುವ ಈ ಅಭ್ಯಾಸವು ಎಷ್ಟು ಮನೆಗಳಲ್ಲಿ ಎಷ್ಟು ಸೋತವರನ್ನು ಅನ್ಯಾಯವಾಗಿ ನೋಯಿಸಿಲ್ಲ!

ಆದರೆ ಬೀಜದ ನೀತಿಯನ್ನು ಮನುಷ್ಯನಿಗೆ ಹಾಗೆಯೇ ಒಪ್ಪಿಸುವುದು ಸಲ್ಲದು. ಕ್ಷಾಮದಲ್ಲಿ ಬಿತ್ತನೆಯ ಕಾಳನ್ನು ಗಡಿಗೆಯಲ್ಲಿ ಮುಚ್ಚಿಟ್ಟ ರೈತನನ್ನು ನೆನೆಯಿರಿ. ಅದನ್ನು ಬೇಯಿಸಿದರೆ ಮುಂದಿನ ವರ್ಷವಿಲ್ಲ. ಬೇಯಿಸದಿದ್ದರೆ ಮಗುವಿನ ಇಂದಿನ ಹಸಿವಿಗೆ ಉತ್ತರವಿಲ್ಲ. ಮರಳಿನೊಳಗಣ ಬೀಜಕ್ಕೆ ಪಕ್ಕದ ಮೊಳಕೆ ಬಾಡುವುದು ಕಾಣದು. ಅದರ ತಾಳ್ಮೆಗೆ ಯಾವ ಬೆಲೆಯೂ ಇಲ್ಲ. ರೈತನಿಗೆ ಕಾಣುವುದು. ಅವನು ಗಡಿಗೆಯನ್ನು ತೆರೆದರೂ, ತೆರೆಯದಿದ್ದರೂ, ಆ ರಾತ್ರಿ ಅವನಿಗೆ ನಿದ್ರೆ ಬಾರದು.